ಹಿಂದಿನ ಬೆಂಚಿನಿಂದ: ಗಾರ್ಡ್ ಕಾಕಾನಿಗೆ ಬಂದ ಪತ್ರಗಳು

ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಪಾದ್ರಿ ಅಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿ, ಮುಂಬೈ ಲೋಕಲ್‌ನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ಮೂವತ್ತನಾಲ್ಕು ವರ್ಷ ನಿಂತವನು. 2022ರಲ್ಲಿ ಆ ಕೆಲಸಕ್ಕೆ ಟ್ರೈನ್ ಮ್ಯಾನೇಜರ್ ಅಂತ ದೊಡ್ಡ ಹೆಸರು ಬಂತು. ನಾನು ಅದಕ್ಕೂ ಮೊದಲೇ ನಿವೃತ್ತನಾದೆ, ಹಾಗಾಗಿ ಗಾರ್ಡ್ ಆಗಿಯೇ ಉಳಿದೆ. ಮನೆ ಕಲ್ಯಾಣದಲ್ಲಿ. ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡ ಇಲ್ಲ. ಬೆಳಗ್ಗೆ ಮರಾಠಿಯವರು, ಹತ್ತೂವರೆಗೆ ಇಂಗ್ಲಿಷಿನವರು. ಮಧ್ಯಾಹ್ನ ಮೂರಕ್ಕೆ, ಊಟದ ನಿದ್ದೆ ಇನ್ನೂ ಕಣ್ಣಲ್ಲಿರುವಾಗ, ನಾವು. ಅಲ್ಲಿ ಹತ್ತೊಂಬತ್ತು ವರ್ಷ ಖಜಾಂಚಿ ಆಗಿದ್ದೆ. ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಈ ಸಲ ಆರು ಪತ್ರಗಳಿಗೆ ಜಾಗ ಸಿಕ್ಕಿದೆ.

ಪ್ರಶ್ನೆ: ನಾನು ಯಾದಗಿರಿ ಕಡೆಯವನು. ಠಾಣೆಯ ಘೋಡ್‌ಬಂದರ್ ರೋಡಿನ ಒಂದು ಸೊಸೈಟಿಯಲ್ಲಿ ವಾಚ್‌ಮನ್. ಹನ್ನೆರಡು ತಾಸು ಡ್ಯೂಟಿ, ವಾರದ ರಜೆ ಅಂತ ಇಲ್ಲ. ಎಂಟು ತಿಂಗಳಿಂದ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಕೊನೆಯ ಸಲ ಹೋದಾಗ ನೈಟ್ ಮುಗಿಸಿ ಹೋಗಿದ್ದೆ. ಪ್ರಸಂಗದ ನಡುವೆ ಗೊರಕೆ ಹೊಡೆದೆ, ಪಕ್ಕದವರು ತಿವಿದರು. ಅವತ್ತಿನಿಂದ ನಾಚಿಕೆ. ಊರಿನಿಂದ ಹೆಂಡತಿ ಫೋನ್ ಮಾಡಿ 'ನೀವು ವಿಶ್ವಾಸದಿಂದ ಜಾರಿದ್ದೀರಿ' ಅಂತ ಅಳುತ್ತಾಳೆ. ನನ್ನ ನಂಬಿಕೆ ಹೋಯಿತೇ?

ಉತ್ತರ: ಗೊರಕೆಯಿಂದಲೇ ಶುರು ಮಾಡೋಣ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆಯಿರಿ. ತ್ರೋವ ಎಂಬ ಊರಿನಲ್ಲಿ ಪೌಲ ಮಾತಾಡುತ್ತಿದ್ದಾನೆ. ಮಧ್ಯರಾತ್ರಿ ಆದರೂ ನಿಲ್ಲಿಸುತ್ತಿಲ್ಲ. ಕಿಟಕಿಯಲ್ಲಿ ಕೂತಿದ್ದ ಯೂತಿಕ ಎಂಬ ಹುಡುಗ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದುಹೋಗಿ ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. 'ದೇವರ ವಾಕ್ಯ ಹೇಳುವಾಗ ನಿದ್ದೆ ಮಾಡುತ್ತೀಯಾ' ಅಂತ ಯಾರೂ ಅವನಿಗೆ ಬೈದದ್ದು ಬರೆದಿಲ್ಲ. ಆಮೇಲೆ ಪೌಲ ಮತ್ತೆ ಮೇಲೆ ಹೋಗಿ ಬೆಳಗಾಗುವ ತನಕ ಮಾತಾಡಿದನಂತೆ. ಅದು ಮಾತ್ರ ಸ್ವಲ್ಪ ಜಾಸ್ತಿ ಆಯಿತು ಅಂತ ನನ್ನ ಅನಿಸಿಕೆ.

ಆ ಸಭೆ ರಾತ್ರಿ ಯಾಕೆ ಸೇರಿತ್ತು, ಯೋಚಿಸಿದ್ದೀರಾ? ಅದು ವಾರದ ಮೊದಲನೇ ದಿನ. ಆ ಕಾಲದಲ್ಲಿ ಅದು ರಜೆಯ ದಿನ ಅಲ್ಲ, ದುಡಿಯುವ ದಿನ. ರೋಮಿನ ರಾಜ್ಯದಲ್ಲಿ ಭಾನುವಾರಕ್ಕೆ ರಜೆ ಸಿಕ್ಕಿದ್ದು ಕ್ರಿ.ಶ. 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಜ್ಞೆಯಿಂದ. ಅಲ್ಲಿಯವರೆಗೆ ಸುಮಾರು ಮುನ್ನೂರು ವರ್ಷ ನಮ್ಮವರು ಭಾನುವಾರ ಕೆಲಸಕ್ಕೆ ಹೋಗುತ್ತಿದ್ದರು. ಪ್ಲಿನಿ ಎಂಬ ರೋಮಿನ ಅಧಿಕಾರಿ ಸುಮಾರು 112ರಲ್ಲಿ ತನ್ನ ಚಕ್ರವರ್ತಿಗೆ ಒಂದು ಕಾಗದ ಬರೆದಿದ್ದಾನೆ. ಈ ಜನ ಗೊತ್ತು ಮಾಡಿದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನಿಗೆ ಹಾಡು ಹೇಳುತ್ತಾರೆ ಅಂತ ಅದರಲ್ಲಿದೆ. ಅವನು ಹಿಡಿದು ವಿಚಾರಣೆ ಮಾಡಿದವರಲ್ಲಿ ಇಬ್ಬರು ದಾಸಿಯರು, ಸಭೆಯ ಸೇವಕಿಯರು. ಬೆಳಕು ಹರಿದ ಮೇಲೆ ಅವರಿಗೆ ಯಜಮಾನರ ಮನೆಯ ಪಾತ್ರೆ ಕಾಯುತ್ತಿದ್ದಿರಬೇಕು. ನಿಮ್ಮ ಹಾಗೆಯೇ.

ನಮ್ಮ ಮುಂಬೈ ಕಥೆಯೂ ಕೇಳಿ. ಇಲ್ಲಿನ ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರ ಜೂನ್ 10ರಂದು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಅವರು ಪಾದ್ರಿ ಅಲ್ಲ, ಕ್ರೈಸ್ತರೂ ಅಲ್ಲ, ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ನಾವು ಇಸ್ತ್ರಿ ಅಂಗಿ ಹಾಕಿಕೊಂಡು ಆರಾಮಾಗಿ ಆರಾಧನೆಗೆ ಹೋಗುವ ಭಾನುವಾರದಲ್ಲಿ ಆ ಮನುಷ್ಯನ ಬೆವರೂ ಇದೆ. ನಿಮ್ಮ ವಾರದ ರಜೆ ಕೂಡ ಯಾರೂ ಕೊಡುವ ಭಿಕ್ಷೆ ಅಲ್ಲ, ಕಾನೂನಿನಲ್ಲಿ ಇರುವ ಹಕ್ಕು. ಒಬ್ಬರೇ ಕೇಳಿದರೆ ಗೇಟ್ ತೋರಿಸುತ್ತಾರೆ. ಸೊಸೈಟಿಯ ಉಳಿದ ಗಾರ್ಡ್‌ಗಳ ಜೊತೆ ಸೇರಿ ಕೇಳಿ.

ನನ್ನ ವಿಷಯ ಹೇಳುತ್ತೇನೆ. ಭಾನುವಾರ ಅಂದರೆ ನಮ್ಮ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್. ಹಳಿ ರಿಪೇರಿ, ಸ್ಲೋ ಗಾಡಿ ಫಾಸ್ಟ್ ಲೈನಿಗೆ, ಜನರ ಬೈಗುಳ ಗಾರ್ಡ್‌ಗೆ. ಕೆಲವು ವರ್ಷ ನಾನು ಆರಾಧನೆಗೆ ಹೋದದ್ದು ಹತ್ತೋ ಹನ್ನೆರಡೋ ಸಲ ಅಷ್ಟೇ. ಆದರೆ ರಾತ್ರಿ ಕರ್ಜತ್‌ಗೆ ಗಾಡಿ ಮುಟ್ಟಿಸಿ, ಬೆಳಗಿನ ಗಾಡಿ ಹಿಡಿಯುವ ತನಕ ರನ್ನಿಂಗ್ ರೂಮಿನಲ್ಲಿ ಮಲಗಬೇಕಾಗುತ್ತಿತ್ತು. ಅಲ್ಲಿ ಒಬ್ಬ ಮಲಯಾಳಿ ಮೋಟರ್‌ಮನ್ ಸಿಕ್ಕ. ಅವನ ಚೀಲದಲ್ಲಿ ಮಲಯಾಳಂ ಬೈಬಲ್, ನನ್ನದರಲ್ಲಿ ಕನ್ನಡದ ಸತ್ಯವೇದ. ಒಂದೇ ಅಧ್ಯಾಯ, ಅವನು ಅವನ ಭಾಷೆಯಲ್ಲಿ ಓದುತ್ತಿದ್ದ, ನಾನು ನನ್ನದರಲ್ಲಿ. ಅರ್ಧ ಅರ್ಥವಾಗುತ್ತಿತ್ತು. ಆಮೇಲೆ ಇಬ್ಬರೂ ಸುಮ್ಮನೆ ಐದು ನಿಮಿಷ ಕೂರುತ್ತಿದ್ದೆವು. ಅವನಿಗೆ ಮಗಳ ಚಿಂತೆ, ನನಗೆ ಸಾಲದ ಚಿಂತೆ. ಏಳು ವರ್ಷ ಹೀಗೆ ನಡೆಯಿತು. ಇಬ್ಬರು ಮೂವರು ಸೇರಿದ ಕಡೆ ತಾನಿರುತ್ತೇನೆ ಅಂತ ಕರ್ತನು ಹೇಳಿದ್ದಾನೆ. ಮೂರನೆಯವನು ಬರುತ್ತಾನೆಂದು ನಾವು ಕಾಯಲಿಲ್ಲ.

ನೀವೂ ಇನ್ನೊಬ್ಬನನ್ನು ಹುಡುಕಿ. ಪಕ್ಕದ ಬಿಲ್ಡಿಂಗಿನ ಲಿಫ್ಟ್‌ಮನ್ ಇರಬಹುದು, ಹಾಲು ಹಾಕುವವನು ಇರಬಹುದು. ಸಭಾಪಾಲಕರಿಗೆ ಫೋನ್ ಮಾಡಿ, 'ಅಯ್ಯನವರೇ, ನನಗೆ ಭಾನುವಾರ ಆಗೋದಿಲ್ಲ, ಮಂಗಳವಾರ ಮಧ್ಯಾಹ್ನ ರೂಮಿಗೆ ಬನ್ನಿ, ಕರ್ತನ ಭೋಜನ ಅಲ್ಲಿಯೇ ಕೊಡಿ' ಅಂತ ಕೇಳಿ. ಹಾಸಿಗೆ ಹಿಡಿದವರಿಗೆ ತಂದುಕೊಡುತ್ತಾರೆ ಅಲ್ವಾ? ಡ್ಯೂಟಿ ಹಿಡಿದವರಿಗೆ ಯಾಕಾಗಬಾರದು? ಹೆಂಡತಿಗೆ ಈ ಪತ್ರಿಕೆ ಓದಿ ಹೇಳಿ. ಇನ್ನು ಮೇಲೆ ಫೋನಿನಲ್ಲಿ ಅಳುವ ಬದಲು ಒಂದು ಕೀರ್ತನೆ ಓದಲು ಹೇಳಿ, ನೀವು ಗೇಟಿನಲ್ಲಿ ನಿಂತು ಕೇಳಿಸಿಕೊಳ್ಳಿ. ನಂಬಿಕೆ ಹೋದವನು ಎರಡು ಪುಟ ಪತ್ರ ಬರೆಯುತ್ತಿರಲಿಲ್ಲ.

ಪ್ರಶ್ನೆ: ಮನೆಗೆಲಸ ಮಾಡುವವಳು, ಡೊಂಬಿವಲಿ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ದಿನ ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಮೈಕಿನಲ್ಲಿ ಓದುತ್ತಾರೆ. ಐದು ಸಾವಿರ, ಮೂರು ಸಾವಿರ ಅಂತ ಓದುತ್ತಾ ಬಂದು ನನ್ನ ಹೆಸರಿಗೆ 'ನೂರು ರೂಪಾಯಿ' ಅಂದರು. ಕಾಲೇಜಿಗೆ ಹೋಗುವ ಮಗಳು ತಲೆ ತಗ್ಗಿಸಿದಳು. ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ಕೊಡಲು ನನ್ನಿಂದ ಆಗದು. ದೇವರ ಆಶೀರ್ವಾದ ತಪ್ಪುತ್ತದೆಯೇ?

ಉತ್ತರ: ಅಮ್ಮಾ, ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಸಭೆಯಲ್ಲಿ ಆ ಪಟ್ಟಿ ಓದುತ್ತಿದ್ದವನು ನಾನೇ. ಹತ್ತು ವರ್ಷ ಓದಿದ್ದೇನೆ. ದೊಡ್ಡ ಮೊತ್ತ ಬಂದಾಗ ದನಿ ಏರಿಸಿ, ಸಣ್ಣದು ಬಂದಾಗ ಬೇಗ ಬೇಗ ಓದಿ ಮುಗಿಸುತ್ತಿದ್ದೆ. ಹಬ್ಬದ ಹರಾಜು ಬೇರೆ. ಮುಂಬೈಯಲ್ಲಿ ಯಾರಿಗೆ ಹೊಲ ಇದೆ? ಕಲ್ಯಾಣ ಮಾರ್ಕೆಟ್ಟಿನಲ್ಲಿ ನಲವತ್ತು ರೂಪಾಯಿಗೆ ಕೊಂಡ ಕುಂಬಳಕಾಯಿಯನ್ನು ದೇವರ ಮುಂದೆ ಇಟ್ಟು, ಅದನ್ನೇ ಎರಡು ಸಾವಿರಕ್ಕೆ ಕೂಗುವುದು. ಮಜಾ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೂಗಲು ಆಗದವರು ಆ ಹೊತ್ತಿಗೆ ಹೊರಗೆ ನಲ್ಲಿಯ ಹತ್ತಿರ ನಿಂತಿರುತ್ತಿದ್ದರು. ಅದು ನನ್ನ ಕಣ್ಣಿಗೆ ಬೀಳಲು ಬಹಳ ವರ್ಷ ಹಿಡಿಯಿತು.

ತನ್ನಲ್ಲಿದ್ದ ಎರಡೇ ಕಾಸನ್ನು ಹುಂಡಿಗೆ ಹಾಕಿದ ಬಡ ವಿಧವೆಯ ಕಥೆ ನಿಮಗೆ ಗೊತ್ತು, ಮಾರ್ಕನ ಸುವಾರ್ತೆ 12ನೇ ಅಧ್ಯಾಯ. ಹೆಚ್ಚು ಕೊಡಿ ಅನ್ನಲು ನಾವು ಅದನ್ನು ಓದುತ್ತೇವೆ. ಒಂದು ವಾಕ್ಯ ಹಿಂದೆ ಹೋಗಿ ನೋಡಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲೆ ಯೇಸುಸ್ವಾಮಿ ಸಿಟ್ಟಾಗಿದ್ದಾನೆ. ಆ ಮಾತು ಮುಗಿಸಿಯೇ ಹುಂಡಿಯ ಎದುರು ಕೂತದ್ದು. ಅಂದರೆ ಆ ಅಧ್ಯಾಯ ನಿಮ್ಮಂಥವರಿಗಿಂತ ಜಾಸ್ತಿ ನನ್ನಂಥ ಖಜಾಂಚಿಗಳಿಗೆ. ಇದು ಹೊಳೆದ ವರ್ಷ ನಾನು ಕಮಿಟಿಯಲ್ಲಿ ಜಗಳ ಆಡಿದೆ. ಪಟ್ಟಿ ಓದುವುದು ನಿಂತಿತು. ಆ ವರ್ಷ ಕಾಣಿಕೆ ಸ್ವಲ್ಪ ಕಡಿಮೆಯಾದದ್ದೂ ನಿಜ, ಲೆಕ್ಕ ನನ್ನ ಕೈಯಲ್ಲೇ ಇತ್ತು.

ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಹೇಳುವುದು ಇಷ್ಟೇ: ಇದ್ದದ್ದರಲ್ಲಿ ಕೊಟ್ಟದ್ದು ದೇವರಿಗೆ ಸಾಕು, ಇಲ್ಲದ್ದನ್ನು ಅವನು ಕೇಳುವುದಿಲ್ಲ. ಮಗಳ ಫೀಸು ಕಟ್ಟಿ. ನೂರನ್ನು ಮುಂದಿನ ಸಲ ಹೆಸರು ಬರೆಯದ ಲಕೋಟೆಯಲ್ಲಿ ಹಾಕಿ. ಮಗಳಿಗೆ ಮಾರ್ಕ 12ನ್ನು ಪೂರ್ತಿ ಓದಿಸಿ, ಹಿಂದಿನ ವಾಕ್ಯವನ್ನೂ ಸೇರಿಸಿ.

ಪ್ರಶ್ನೆ: ಬೀದರ್ ಕಡೆ ನಮ್ಮ ದೇವಾಲಯದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಚಾಪೆ ಮೇಲೆ ಕೂರುತ್ತೇವೆ. ಮುಂಬೈಯಲ್ಲಿ ಬೂಟು ಹಾಕಿಕೊಂಡೇ ಒಳಗೆ. ಯಾವುದು ಸರಿ?

ಉತ್ತರ: ಉರಿಯುವ ಪೊದೆಯ ಮುಂದೆ ದೇವರು ಮೋಶೆಗೆ ಕೆರ ಬಿಚ್ಚು ಅಂದದ್ದು ನಿಜ. ಅಲ್ಲಿ ಸುಮ್ನೆ ಬಿದ್ದಿದ್ದರೂ ಕದಿಯುವವರು ಇರಲಿಲ್ಲ. ನಾನು ಮುಂಬೈಗೆ ಬಂದ ಮೊದಲ ಭಾನುವಾರ ಹುಬ್ಬಳ್ಳಿ ರೂಢಿಯಲ್ಲಿ ಹೊಸ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ. ಜುಲೈ ಮಳೆಯಲ್ಲಿ ಬರಿಗಾಲಲ್ಲಿ ಸ್ಟೇಷನ್ ತನಕ ನಡೆದೆ. ಬಿಚ್ಚಬೇಕು ಅನಿಸಿದರೆ ಬಿಚ್ಚಿ, ಬೆಂಚಿನ ಕೆಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ಪಿಂಪ್ರಿಯಿಂದ. ನಾನು ಧಾರವಾಡದವಳು, ಯಜಮಾನರು ಅಹಮದ್‌ನಗರದ ಮರಾಠಿ ಕ್ರೈಸ್ತರು. ನಾವು ಹೋಗುವುದು ಮರಾಠಿ ಸಭೆಗೆ. ಮಗಳಿಗೆ ಆರು ವರ್ಷ. ಕರ್ತನ ಪ್ರಾರ್ಥನೆ ಮರಾಠಿಯಲ್ಲಿ ಹೇಳುತ್ತಾಳೆ, ಕನ್ನಡದಲ್ಲಿ ಬರುವುದಿಲ್ಲ. ನಮ್ಮ ಅಮ್ಮ ಬಂದಾಗ ಅದಕ್ಕೇ ಕಣ್ಣೀರು. ಪುಣೆಯಲ್ಲಿ ಕನ್ನಡದ ಆರಾಧನೆ ಹುಡುಕಿ ಹೋಗೋಣ ಅಂದರೆ ಅತ್ತೆಗೆ ಬೇಸರ. ಏನು ಮಾಡಲಿ?

ಉತ್ತರ: ಈ ಪ್ರಶ್ನೆಗೆ ಎಲ್ಲರೂ ಶಿಷ್ಯರು ನಾನಾ ಭಾಷೆಗಳಲ್ಲಿ ಮಾತಾಡಿದ ಪೆಂತೆಕೋಸ್ತ ದಿನದ ಮಾತು ಹೇಳುತ್ತಾರೆ, ನಾನು ಹೇಳುವುದಿಲ್ಲ. ನಿಮ್ಮ ಪುಣೆಯ ಪಕ್ಕದವರೇ ಒಬ್ಬರಿದ್ದಾರೆ.

ಪುಣೆಯಿಂದ ದೌಂಡ್ ಕಡೆ ಹೋಗುವ ಗಾಡಿ ಹತ್ತಿದರೆ ಕೇಡಗಾಂವ್ ಸ್ಟೇಷನ್ ಬರುತ್ತದೆ. ಅಲ್ಲಿ ಪಂಡಿತಾ ರಮಾಬಾಯಿ ದಿಕ್ಕಿಲ್ಲದ ಹೆಂಗಸರಿಗಾಗಿ ಕಟ್ಟಿದ ಮುಕ್ತಿ ಮಿಶನ್ ಇದೆ. ಮರಾಠಿಯವರು ಅವರನ್ನು ತಮ್ಮವರು ಅನ್ನುತ್ತಾರೆ, ಅದು ಸರಿಯೇ. ಆದರೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳ ಹತ್ತಿರದ ಮಾಳದವರು. ಹೆಂಡತಿಗೂ ಹೆಣ್ಣುಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಸಿಟ್ಟು ಎದುರಿಸಿದ ಮನುಷ್ಯ. ಬರಗಾಲದಲ್ಲಿ ಅಲೆದಲೆದು ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರು. ಮಗಳು ತಿರುಗಾಟದಲ್ಲೇ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಕಲಿತಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಮರುವರ್ಷ ಅದು ಪುಣೆಗೆ ಬಂತು. ಕೊನೆಗಾಲದಲ್ಲಿ ಇಬ್ರಿಯ, ಗ್ರೀಕ್ ಕಲಿತು ಇಡೀ ಬೈಬಲನ್ನು ತಾವೇ ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಂಗಸರು. ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮಾತು ಬೇಕು ಅನ್ನುವುದು ಅವರ ಹಟ. 1922ರಲ್ಲಿ ತೀರಿಕೊಂಡರು. ಮಗಳು ಮನೋರಮಾ ಗುಲಬರ್ಗಾದ ಹೈಸ್ಕೂಲಿನಲ್ಲಿ ಮುಖ್ಯಸ್ಥೆ ಆಗಿದ್ದರು. ಘಟ್ಟದಿಂದ ಹೊರಟ ಮನೆತನ ಮರಾಠಿ ನಾಡಿನಲ್ಲಿ ನೆಲೆ ನಿಂತು, ಮತ್ತೆ ಕನ್ನಡದ ಮಕ್ಕಳಿಗೆ ಪಾಠ ಹೇಳಿತು. ಇದನ್ನು ನಿಮ್ಮ ಅತ್ತೆಗೆ ಹೇಳಿ ನೋಡಿ. ನಿಮ್ಮ ಅಮ್ಮನಿಗೂ.

ಇನ್ನು ಮನೆಯ ಮಾತು. ಸಭೆ ಬದಲಾಯಿಸಬೇಡಿ. ಮಗುವಿನ ಗೆಳತಿಯರು, ಸಂಡೇ ಸ್ಕೂಲು, ಕ್ರಿಸ್‌ಮಸ್ ನಾಟಕದ ಕುರಿಮರಿ ವೇಷ ಎಲ್ಲ ಅಲ್ಲಿದೆ. ನಮ್ಮ ಹಿರಿಯರು ಒಂದು ತಪ್ಪು ಮಾಡುತ್ತಾರೆ. ಕರ್ನಾಟಕದಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಇಲ್ಲಿ ಸಿ.ಎನ್.ಐ. (ಉತ್ತರ ಭಾರತ ಸಭೆ), ಹೆಸರು ಬೇರೆ ಅಂದಕೂಡಲೇ ಮಗಳು ಬೇರೆ ಮತಕ್ಕೆ ಹೋದಳು ಅನ್ನುವ ಹಾಗೆ ಆಡುತ್ತಾರೆ. ದಕ್ಷಿಣದ ಸಭೆಗಳು ಒಂದಾದದ್ದು 1947ರಲ್ಲಿ, ಉತ್ತರದವು 1970ರಲ್ಲಿ. ಅಕ್ಕ ತಂಗಿಯರ ಹಾಗೆ. ನನ್ನ ಹೆಂಡತಿ ಬೀದರಿನ ಮೆಥಡಿಸ್ಟ್, ನಾನು ಹುಬ್ಬಳ್ಳಿಯ ಬಾಸೆಲ್ ಮಿಶನ್ ಮನೆಯವನು. ಮದುವೆಯಲ್ಲಿ ಯಾವ ಹಾಡಿನ ಪುಸ್ತಕ ಅಂತ ಎರಡು ತಿಂಗಳು ಜಗಳ ಆಗಿತ್ತು.

ಕನ್ನಡ ಉಳಿಯುವುದು ರಾತ್ರಿ ಮಲಗುವ ಹೊತ್ತಿಗೆ. ದೀಪ ಆರಿಸಿದ ಮೇಲೆ ಕರ್ತನ ಪ್ರಾರ್ಥನೆ ನೀವು ಕನ್ನಡದಲ್ಲಿ ಹೇಳಿ, ಅವಳು ಸುಮ್ನೆ ಕೇಳಲಿ. ಕಲಿಸಬೇಡಿ. ಎರಡು ತಿಂಗಳಲ್ಲಿ ತಾನೇ ಹೇಳುತ್ತಾಳೆ. ನನ್ನ ಮೊಮ್ಮಗ ಪುಣೆಯಲ್ಲೇ ಇದ್ದಾನೆ, ಕನ್ನಡ ಓದಲು ಬರುವುದಿಲ್ಲ. ಅವನಿಗಾಗಿ ಹನ್ನೆರಡು ಕನ್ನಡ ಹಾಡುಗಳನ್ನು ದೇವನಾಗರಿಯಲ್ಲಿ ಬರೆದುಕೊಟ್ಟೆ. ಮರಾಠಿಯಲ್ಲೂ 'ಳ' ಇರುವುದು ನಮ್ಮ ಪುಣ್ಯ. ಆದರೆ ಗಿಡ್ಡ 'ಎ', ಗಿಡ್ಡ 'ಒ' ಆ ಲಿಪಿಯಲ್ಲಿ ಇಲ್ಲ. ಹೀಗಾಗಿ ಅವನು 'ಒಡೆಯ' ಅನ್ನುವುದನ್ನು 'ಓಡೆಯಾ' ಅಂತ ಎಳೆದು ಹಾಡುತ್ತಾನೆ. ಒಡೆಯನನ್ನು ಓಡಿಸಿದ ಹಾಗೆ ಕೇಳುತ್ತದೆ. ತಿದ್ದಲು ಹೋಗಿಲ್ಲ. ಅಮ್ಮ ಮುಂದಿನ ಸಲ ಬಂದಾಗ ಮಗಳ ಪಕ್ಕ ಮಲಗಲಿ, ಸಾಕು.

ಪ್ರಶ್ನೆ: ಧಾರಾವಿಯಿಂದ ಒಬ್ಬ ತಾಯಿ. ಮಗನಿಗೆ ಇಪ್ಪತ್ತೆರಡು, ಟಿಬಿ. ಮೂರು ತಿಂಗಳಿಂದ ಸರ್ಕಾರಿ ಮಾತ್ರೆ. ಈಗ ಕೆಮ್ಮು ಇಲ್ಲ, ತೂಕವೂ ಏರಿದೆ. ಒಂದು ಪ್ರಾರ್ಥನಾಕೂಟದಲ್ಲಿ ಬೋಧಕರು ತಲೆ ಮೇಲೆ ಕೈ ಇಟ್ಟು, 'ಗುಣವಾಗಿದೆ, ಇನ್ನು ಮಾತ್ರೆ ನುಂಗಿದರೆ ಅದು ಅವಿಶ್ವಾಸ, ಬಂದು ಸಾಕ್ಷಿ ಹೇಳು' ಅಂದರು. ಮಗ ಮಾತ್ರೆ ಬಿಡುತ್ತೇನೆ ಅನ್ನುತ್ತಾನೆ.

ಉತ್ತರ: ಬಿಡಬಾರದು. ಈ ಪತ್ರ ಓದಿದ ದಿನವೇ ನಿಮಗೆ ಬೇರೆಯಾಗಿ ಉತ್ತರ ಹಾಕಿದ್ದೇನೆ. ಇಲ್ಲಿ ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಸಾಮಾನ್ಯ ಟಿಬಿಗೆ ಮಾತ್ರೆ ಆರು ತಿಂಗಳು. ಮೊದಲ ಎರಡು ಮೂರು ತಿಂಗಳಲ್ಲೇ ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ಹುಡುಗರು ಕ್ರಿಕೆಟ್ ಆಡಲು ಹೋಗುತ್ತಾರೆ. ಆದರೆ ಒಳಗೆ ಕೆಲವು ಕ್ರಿಮಿಗಳು ಇನ್ನೂ ಬದುಕಿರುತ್ತವೆ. ನಡುವೆ ಬಿಟ್ಟರೆ ಉಳಿದವು ಮತ್ತೆ ಎದ್ದು ಬರುತ್ತವೆ, ಹಳೆಯ ಮಾತ್ರೆಗೆ ಬಗ್ಗದ ಹಾಗೂ ಆಗಬಹುದು. ಆಮೇಲೆ ಬೇರೆ ಔಷಧ, ಜಾಸ್ತಿ ಕಷ್ಟ. ಮನೆಯಲ್ಲಿ ಇರುವ ಚಿಕ್ಕ ಮಕ್ಕಳಿಗೂ ಅಪಾಯ. ಮಾತ್ರೆ ಪುಕ್ಕಟೆ ಸಿಗುತ್ತದೆ, ಊಟಕ್ಕೆಂದು ಸರ್ಕಾರ ತಿಂಗಳಿಗೆ 1,000 ರೂಪಾಯಿ ಖಾತೆಗೆ ಹಾಕುತ್ತದೆ. ಅದು ಬರುತ್ತಿದೆಯೇ ಅಂತ ಮಾತ್ರೆ ಕೊಡುವ ಕೇಂದ್ರದಲ್ಲಿ ಕೇಳಿ.

ಈಗ ಅವಿಶ್ವಾಸದ ಮಾತು. ಪೌಲನ ಜೊತೆ ಊರೂರು ತಿರುಗಿದ ಲೂಕ ಯಾರು? ವೈದ್ಯ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನೇ ಅವನನ್ನು ಪ್ರಿಯ ವೈದ್ಯ ಅನ್ನುತ್ತಾನೆ. ತಿಮೊಥೆಯನಿಗೆ ಹೊಟ್ಟೆ ಕೆಟ್ಟಾಗ 'ಇನ್ನೂ ಪ್ರಾರ್ಥಿಸು' ಅಂತ ಬರೆಯಲಿಲ್ಲ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ. ಪೌಲನ ನಂಬಿಕೆ ಕಡಿಮೆ ಇತ್ತೇ? ಇನ್ನೊಂದು ನೋಡಿ. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ, ಹೋಗಿ ಯಾಜಕನಿಗೆ ತೋರಿಸು ಅಂದ. ಆ ಕಾಲದಲ್ಲಿ ಚರ್ಮ ಪರೀಕ್ಷೆ ಮಾಡಿ, ಇವನು ಶುದ್ಧ ಅಂತ ಹೇಳುವ ಅಧಿಕಾರ ಇದ್ದದ್ದು ಯಾಜಕನಿಗೆ. ಕರ್ತನೇ ಗುಣಪಡಿಸಿ, ರಿಪೋರ್ಟ್ ಮಾತ್ರ ತರಬೇಕಾದ ಕಡೆಯಿಂದಲೇ ತರಲು ಹೇಳಿದ. ನಿಮ್ಮ ಮಗನ ರಿಪೋರ್ಟ್ ಕೊಡಬೇಕಾದವರು ಕಫ ಪರೀಕ್ಷೆ ಮಾಡುವವರು. ಆರು ತಿಂಗಳು ಮುಗಿಸಿ, ಪರೀಕ್ಷೆ ಮಾಡಿಸಿ, ಕಾಗದ ಕೈಯಲ್ಲಿ ಹಿಡಿದು ಸಾಕ್ಷಿ ಹೇಳಲಿ. ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಬೆಳಗಾವಿ, ಹುಬ್ಬಳ್ಳಿಯ ಹಳಬರಿಗೆಲ್ಲ ಮಿರಜಿನ ಮಿಶನ್ ಆಸ್ಪತ್ರೆ ಗೊತ್ತು. ಅದನ್ನು ಕಟ್ಟಿದ ಡಾಕ್ಟರ್ ವಾನ್‌ಲೆಸ್ ಮಿಶನರಿಯೇ. ಸಭೆ ಕಟ್ಟಲು ಬಂದವರು ಆಪರೇಷನ್ ಟೇಬಲ್ ಹಾಕಿದರು. ನಮ್ಮ ಅಜ್ಜಂದಿರಿಗೆ ಅದರಲ್ಲಿ ಅವಿಶ್ವಾಸ ಕಾಣಲಿಲ್ಲ.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇತ್ತು. ಹೊರಗಿನಿಂದ ಬಂದ ಒಬ್ಬ ಬೋಧಕರು ಉಪವಾಸ ಪ್ರಾರ್ಥನೆಯಲ್ಲಿ ಇದೇ ಮಾತು ಹೇಳಿದರು. ಅವಳು ಇನ್ಸುಲಿನ್ ಬಿಟ್ಟಳು. ನಾಲ್ಕನೇ ದಿನ ಅಡುಗೆಮನೆಯಲ್ಲಿ ಬಿದ್ದಳು, ತೊಡೆಯ ಎಲುಬು ಮುರಿಯಿತು. ಐಸಿಯುನಲ್ಲಿ ಆರು ದಿನ, ಆಮೇಲೆ ಕಾಲಿಗೆ ರಾಡು. ಬೋಧಕರು ಆಗಲೇ ಬೇರೆ ಊರಿಗೆ ಹೋಗಿದ್ದರು. ಅವರನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ಕೂಟದಲ್ಲಿ ಅವಳ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಆಮೆನ್ ಅಂದವನು ನಾನು.

ಪ್ರಶ್ನೆ: ಮಲಾಡಿನಿಂದ. ಹೋದ ವರ್ಷ ತಂದೆ ತೀರಿಕೊಂಡರು. ಇಲ್ಲಿಯೇ ಮಣ್ಣು ಮಾಡಿದೆವು. ಈಗ ಸ್ಮಶಾನದ ಆಫೀಸಿನವರು, 'ಇದು ಕಾಯಂ ಸಮಾಧಿ ಅಲ್ಲ, ಕೆಲವು ವರ್ಷ ಆದ ಮೇಲೆ ತೆಗೆದು ಬೇರೆಯವರಿಗೆ ಕೊಡುತ್ತೇವೆ, ಎಲುಬುಗಳನ್ನು ಗೋಡೆಯ ಗೂಡಿನಲ್ಲಿ ಇಡಬಹುದು' ಅನ್ನುತ್ತಾರೆ. ಊರಿನಲ್ಲಿ ನಮ್ಮದೇ ಹೊಲದ ಬದುವಿನಲ್ಲಿ ಅಜ್ಜ, ಮುತ್ತಜ್ಜನ ಸಮಾಧಿಗಳಿವೆ. ಚಿಕ್ಕಪ್ಪ 'ಅಪ್ಪನನ್ನು ಬಾಡಿಗೆ ಮನೆಯಲ್ಲಿ ಹೂಳಿದ್ದೀಯಾ' ಅಂದರು. ರಾತ್ರಿ ನಿದ್ದೆ ಬರುತ್ತಿಲ್ಲ. ಪುನರುತ್ಥಾನದ ದಿನ ಅಪ್ಪ ಎಲ್ಲಿಂದ ಏಳುತ್ತಾರೆ?

ಉತ್ತರ: ಮಗಳೇ, ಈ ಊರಿನಲ್ಲಿ ಬದುಕಿದವರಿಗೇ ಜಾಗ ಇಲ್ಲ. ನೂರೆಂಬತ್ತು ಚದರ ಅಡಿ ಖೋಲಿಯಲ್ಲಿ ಏಳು ಜನ ಪಾಳಿ ಹಾಕಿ ಮಲಗುತ್ತೇವೆ. ಸತ್ತವರೂ ಇಲ್ಲಿ ಸರಿದುಕೊಂಡು ಜಾಗ ಕೊಡಬೇಕು. ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಕೊಡುತ್ತೇವಲ್ಲ, ಹಾಗೆ.

ಚಿಕ್ಕಪ್ಪನ ಮಾತಿಗೆ ಸತ್ಯವೇದದಲ್ಲೇ ಉತ್ತರ ಇದೆ. ಅಬ್ರಹಾಮನಿಗೆ ದೇವರು ಇಡೀ ನಾಡನ್ನೇ ಕೊಡುತ್ತೇನೆ ಅಂದಿದ್ದ. ಸಾರಳು ಸತ್ತಾಗ ಹೂಳಲು ಅವನ ಹತ್ತಿರ ಒಂದು ಗುಂಡಿಯಷ್ಟು ನೆಲ ಇರಲಿಲ್ಲ. ಮಕ್ಪೇಲದ ಗವಿಗೆ ನಾನೂರು ಶೆಕೆಲ್ ಬೆಳ್ಳಿ ತೂಗಿಕೊಟ್ಟು, ಊರವರ ಮುಂದೆ ಬಗ್ಗಿ ನಮಸ್ಕಾರ ಮಾಡಿ ಕೊಂಡ. ಯೋಸೇಫ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಸತ್ತ. 'ನೀವು ಹೋಗುವಾಗ ನನ್ನ ಎಲುಬುಗಳನ್ನು ತೆಗೆದುಕೊಂಡು ಹೋಗಿ' ಅಂತ ಮೊದಲೇ ಆಣೆ ಹಾಕಿಸಿಕೊಂಡಿದ್ದ. ಮೋಶೆ ಜನರನ್ನು ಅಲ್ಲಿಂದ ಹೊರಡಿಸಿದ ರಾತ್ರಿ, ಅಷ್ಟು ಗಡಿಬಿಡಿಯಲ್ಲೂ, ಆ ಎಲುಬುಗಳನ್ನು ಮರೆಯಲಿಲ್ಲ. ನಲವತ್ತು ವರ್ಷ ಅಡವಿಯಲ್ಲಿ ಜನ ಗುಡಾರ ಕಿತ್ತು ಹೊತ್ತು ನಡೆದಾಗಲೆಲ್ಲ ಅವೂ ಜೊತೆಗಿದ್ದವು. ಕೊನೆಗೆ ಶೆಕೆಮಿನಲ್ಲಿ ಮಣ್ಣಾದವು. ಅಲೆದಾಡಿದ ಆ ಎಲುಬುಗಳನ್ನು ದೇವರು ಮರೆತ ಅಂತ ಯಾರೂ ಅನ್ನಲಿಲ್ಲ. ಇನ್ನು ನಮ್ಮ ಕರ್ತನ ಸಮಾಧಿ ಯಾರದ್ದು? ಅರಿಮಥಾಯದ ಯೋಸೇಫನದ್ದು, ತನಗಾಗಿ ತೋಡಿಸಿಟ್ಟದ್ದು. ಬಾಡಿಗೆಯೂ ಅಲ್ಲ, ಎರವಲು. ಅದೂ ಮೂರನೇ ದಿನಕ್ಕೆ ವಾಪಸ್ಸು.

ನನ್ನ ಹೆಂಡತಿಯ ಸಮಾಧಿಯನ್ನು ತೆಗೆದ ದಿನ ನಾನು ಅಲ್ಲಿದ್ದೆ. ಬರಬೇಡಿ ಅಂತ ಮಕ್ಕಳು ಹೇಳಿದ್ದರು. ಹೋದೆ. ಬೆಳಗ್ಗೆ ಏಳು ಗಂಟೆ, ಸಣ್ಣ ಮಳೆ. ಅಗೆಯುವವನು ವಯಸ್ಸಾದ ಮರಾಠಿ ಮನುಷ್ಯ. ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸಿದ. ಒಂದೊಂದೇ ಎತ್ತಿ ಬಿಳಿ ಬಟ್ಟೆಯ ಮೇಲೆ ಇಟ್ಟ. ಕೊನೆಗೆ ಒಂದು ಸ್ಟೀಲ್ ರಾಡು ಬಂತು, ಕಾಲಿನದು. ಇಷ್ಟು ವರ್ಷ ಮಣ್ಣಿನಲ್ಲಿದ್ದರೂ ಹೊಳೆಯುತ್ತಿತ್ತು. 'ಕಾಕಾ, ಹೆ ಕಾಯ ಕರಾಯಚಂ?' ಅಂದ, ಇದನ್ನೇನು ಮಾಡಲಿ ಅಂತ. ನಾನು ಅದನ್ನು ಒರೆಸಿ ಅವಳ ಎಲುಬುಗಳ ಜೊತೆಯೇ ಇಡಿಸಿದೆ. ಅದನ್ನು ಹೊತ್ತು ಹನ್ನೊಂದು ವರ್ಷ ಚರ್ಚಿನ ಮೆಟ್ಟಿಲು ಹತ್ತಿದ್ದಳು, ಅದು ಅವಳದ್ದೇ. ಮಳೆಯಲ್ಲಿ ಆ ಮನುಷ್ಯ ನೆನೆಯುತ್ತಾ, ಬಟ್ಟೆ ಮಾತ್ರ ನೆನೆಯದ ಹಾಗೆ ಛತ್ರಿ ಹಿಡಿದುಕೊಂಡು ಗೋಡೆಯ ತನಕ ಬಂದ. ಹೆದರಿಕೊಂಡು ಹೋದವನು ನಾನು. ಬರುವಾಗ ಹೆದರಿಕೆ ಇರಲಿಲ್ಲ.

ಅಪ್ಪ ಎಲ್ಲಿಂದ ಏಳುತ್ತಾರೆ ಅಂತ ಕೇಳಿದ್ದೀರಿ. ಸಮುದ್ರದಲ್ಲಿ ಹೋದವರು ಎಲ್ಲಿಂದ ಏಳುತ್ತಾರೋ ಅಲ್ಲಿಂದಲೇ. ಮಣ್ಣಿನಿಂದ ಮೊದಲ ಸಲ ಮಾಡಿದವನಿಗೆ ವಿಳಾಸ ಹುಡುಕುವುದು ಕಷ್ಟ ಆಗದು.

ಕೆಲಸದ ಮಾತು ಈಗ. ಗೂಡು ಬೇಕು ಅಂತ ಇವತ್ತೇ ಬರೆದುಕೊಡಿ, ಆಮೇಲೆ ಸಿಗುವುದಿಲ್ಲ. ರಸೀದಿಯನ್ನು ತಂದೆಯ ಮರಣ ಪತ್ರದ ಜೊತೆ ಇಡಿ. ತೆಗೆಯುವ ದಿನ ತಿಳಿಸಲು ಇಬ್ಬರ ಫೋನ್ ನಂಬರ್ ಕೊಟ್ಟಿರಿ, ಒಬ್ಬರದ್ದು ಬದಲಾಗಿರುತ್ತದೆ. ಚಿಕ್ಕಪ್ಪನನ್ನು ಆ ದಿನಕ್ಕೆ ಕರೆಸಿ. ಗೂಡಿನ ಕಲ್ಲಿನ ಮೇಲೆ ಹೆಸರು ಕನ್ನಡದಲ್ಲಿ ಬೇಕಾದರೆ ಕೆತ್ತುವವನಿಗೆ ಅಕ್ಷರ ಗೊತ್ತಿರುವುದಿಲ್ಲ, ಚಿತ್ರ ನೋಡಿ ಬಿಡಿಸಿದ ಹಾಗೆ ಕೆತ್ತುತ್ತಾನೆ. ನಾನು ಬರೆದುಕೊಟ್ಟು ಚಹಾ ಕುಡಿಯಲು ಹೋದೆ, ಬರುವಷ್ಟರಲ್ಲಿ ಅವಳ ಹೆಸರಿನ ಒತ್ತಕ್ಷರ ತಲೆಕೆಳಗಾಗಿತ್ತು. ನೀವು ದೊಡ್ಡದಾಗಿ, ಒತ್ತುಗಳನ್ನು ಬಿಡಿಸಿ ಕಾಗದದ ಮೇಲೆ ಬರೆದುಕೊಂಡು ಹೋಗಿ. ಮುಗಿಯುವ ತನಕ ಪಕ್ಕದಲ್ಲೇ ನಿಂತಿರಿ.